ಗಂಗಹನುಮಯ್ಯನವರ ಐದನೇ ಗುಂಪು

ಮಧುಗಿರಿ ಬೆಟ್ಟಕ್ಕಿನ್ನೂ ಬಿಸಿಲು ಹತ್ತಿಲ್ಲ. ಗಂಗಹನುಮಯ್ಯ ನಿಲ್ದಾಣದ ಕಂಬಕ್ಕೆ ಒರಗಿ ಪಾವಗಡದ ಮೊದಲ ಬಸ್ಸು ಕಾಯುತ್ತಿದ್ದಾರೆ. ಬಸ್ಸು ಬಂದೊಡನೆ ಪಟಾಲಮ್ಮ ಇಳಿಯುತ್ತಾರೆ, ಸೊಂಟದ ಮೇಲೆ ಕಂಪ್ಯೂಟರಿಗೆ ಉಣಿಸಲು ತೂತು ಹೊಡೆದ ಕಾರ್ಡುಗಳ ತಗಡಿನ ಪೆಟ್ಟಿಗೆ.

“ಏಮಣ್ಣಾ, ಮುಖ ಯಾಕೆ ಹಂಗೆ ಮಾಡ್ಕಂಡಿದೀಯ? ಪೆಟ್ಟಿಗ್ಯಾಗೆ ಹಾವೇನೂ ತಂದಿಲ್ಲ, ತೀಸ್ಕೋ, ತಗಾ!”

“ಮೆಲ್ಲಗೆ ಕಣಮ್ಮ, ಬೀಳಿಸ್ಬುಟ್ಟೀಯ” ಎನ್ನುವ ಗಂಗಹನುಮಯ್ಯ ಆಕೆಯ ಮುಖ ನೋಡುವುದಿಲ್ಲ.

ಕಡಲೆಕಾಯಿ ಬೆಳೆಗಾರರ ಒಕ್ಕೂಟದ ಕಚೇರಿಯಲ್ಲೊಂದು ದೊಡ್ಡ ಕಂಪ್ಯೂಟರ್ ಇದೆ. ಬೆಂಗಳೂರಿನ ಯಾರೋ ಸಾಕಾಗಿ ಮಾರಿದ್ದನ್ನು ಲಾರಿಯಲ್ಲಿ ತರಿಸಿದ್ದು. ಕಚೇರಿಯ ಸಾಹೇಬರು ಅದನ್ನು ಮೈನ್‌ಫ್ರೇಮ್ ಎನ್ನುತ್ತಾರೆ, ಊರವರು ತಣ್ಣನೆ ಬೀರು ಎನ್ನುತ್ತಾರೆ. ನೌಕರರಿಗೆಲ್ಲ ಸೇರಿ ಒಂದು ಫ್ಯಾನು, ಅದೊಂದಕ್ಕೇ ಏರ್‌ಕಂಡೀಷನ್. ತಾನು ಮಾಡಿದ ಕೆಲಸವನ್ನೆಲ್ಲ ಅದು ಮಡಿಕೆ ಕಾಗದದ ಮೇಲೆ ಸಾಲುಸಾಲಾಗಿ ಅಚ್ಚು ಹಾಕುತ್ತದೆ. ದಿನಕ್ಕೆ ಇನ್ನೂರು ಸಾಲು. ಅವನ್ನು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂದು ಬಣ್ಣದ ಪೆನ್ಸಿಲಿನಲ್ಲಿ ಗುಂಪು ಮಾಡಿ, ಯಾವ ಗುಂಪು ಯಂತ್ರದ ಎಷ್ಟು ಹೊತ್ತು ತಿಂದಿತೆಂದು ಪ್ರತಿ ಶನಿವಾರ ಬೆಂಗಳೂರಿನ ಪ್ರಧಾನ ಕಚೇರಿಗೆ ವರದಿ ಕಳಿಸುವವರು ಗಂಗಹನುಮಯ್ಯ. ಕೊಡಿಗೇನಹಳ್ಳಿಯ ಕೂಲಿ ಮನೆಯವರು. ಎರಡನೇ ಯತ್ನಕ್ಕೆ ಎಸ್ಸೆಸ್ಸೆಲ್ಸಿ ಪಾಸು. ಸೇರಿದ್ದು ಎಂಬತ್ತೊಂದರಲ್ಲಿ, ಈ ಎಂಬತ್ತಾರರಲ್ಲೂ ಹಂಗಾಮಿ.

ಎಡವಟ್ಟಾಗಿರುವುದು ಗುಂಪಿನಲ್ಲೇ. ಉಳಿದ ಮೂರು ತಾಲ್ಲೂಕಿನ ಕಾರ್ಡುಗಳು ಹಿಂದಿನ ಸಂಜೆಯೇ ಬಂದಿರುತ್ತವೆ, ಮೊದಲು ಓಡುತ್ತವೆ. ಪಾವಗಡದ್ದು ಕೊನೆಗೆ. ಅದು ಅರ್ಧಕ್ಕೆ ಬರುವಾಗ ದಿನವೂ ಕರೆಂಟ್ ಹೋಗುತ್ತದೆ. ಬಂದ ಮೇಲೆ ಮೊದಲಿಂದ ಓಡಿಸಬೇಕು. ಹಾಳಾದ ಹೊತ್ತನ್ನು, ಆಗ ಯಂತ್ರದ ಬಾಯಲ್ಲಿ ಯಾರ ಕೆಲಸವಿತ್ತೋ ಅವರ ಲೆಕ್ಕಕ್ಕೆ ಬರೆಯುವುದು ಇಲ್ಲಿನ ರೂಢಿ. ಇವರೂ ಹಾಗೇ ಬರೆದರು. ಪಾವಗಡವೊಂದೇ ಉಳಿದ ಮೂರರಷ್ಟು ತಿನ್ನುತ್ತಿದೆ ಎಂದು ಬೆಂಗಳೂರಿನವರು ಓದಿಕೊಂಡರು. ಈ ಶನಿವಾರವೂ ಹೀಗೇ ಬಂದರೆ ಕಾರ್ಡಿಗೆ ತೂತು ಹೊಡೆಯುವ ಪಾವಗಡದ ಪಂಚಿಂಗ್ ಕೋಣೆಗೆ ಬೀಗ ಎಂದು ಫೋನು ಬಂದಿದೆ. ಪಟಾಲಮ್ಮನದೂ ಜೊತೆಯ ಐವರು ಹೆಂಗಸರದೂ ಕೆಲಸ ಹೋಗುತ್ತದೆ. ಅವರಿಗಿನ್ನೂ ಗೊತ್ತಿಲ್ಲ.

“ಅನ್ನ ಗಂಟಲಾಗೆ ಇಳಿಯಲ್ಲ ಸಾ” ಎಂದು ಪತ್ರಿಕೆಗೆ ಬರೆಯಲು ಬಂದ ನನಗೆ ಹೇಳುತ್ತಾರೆ ಗಂಗಹನುಮಯ್ಯ. “ಆಯಮ್ಮ ನಗ್ತಾ ಪೆಟ್ಟಿಗೆ ಕೊಡ್ತಾಳೆ. ಗೀಚಿ ಗೀಚಿ ಅವಳ ಕೆಲ್ಸ ತೆಗೀತಿರೋನು ನಾನೇ ಅಂತ ಹೆಂಗೆ ಹೇಳ್ಳಿ?”

ಇವತ್ತು ಶನಿವಾರ. ಕರೆಂಟ್ ಹೋಗಿ ಹಾಳಾದ ಹೊತ್ತಿಗೆಂದೇ ಅವರು ಬೇರೆಯದೊಂದು ಗುಂಪು ಮಾಡಿದ್ದಾರೆ. ಪಾವಗಡ ಸೊರಗಿ ಕೊರಟಗೆರೆಗಿಂತ ಸಣ್ಣದಾಗಿದೆ. ಆದರೆ ಹೊಸ ಗುಂಪು ಎಲ್ಲಕ್ಕಿಂತ ದಪ್ಪ. ಕಂಡವರು ಜನರೇಟರ್ ಏನಾಯಿತೆಂದು ಕೇಳದೆ ಬಿಡುವುದಿಲ್ಲ. ಜನರೇಟರ್ ಸುಸ್ಥಿತಿಯಲ್ಲಿದೆ ಎಂದು ಕಚೇರಿಯ ಸಾಹೇಬರಾದ ಮಹಾಲಿಂಗಯ್ಯ ತಿಂಗಳು ತಿಂಗಳೂ ಬರೆದಿದ್ದಾರೆ. ಸದ್ಯ ಅದರೊಳಗೆ ಕೋಳಿಯೊಂದು ಕಾವಿಗೆ ಕೂತಿದೆ.

ಮಹಾಲಿಂಗಯ್ಯ ವರದಿ ಎತ್ತಿಕೊಳ್ಳುತ್ತಾರೆ. “ನಾಲ್ಕು ತಾಲ್ಲೂಕಿಗೆ ಐದು ಗುಂಪೇನಯ್ಯಾ? ಐದನೇದು ಯಾವುದು, ಆಂಧ್ರದ ಹಿಂದೂಪುರವೋ?”

“ಕರೆಂಟಿಂದು ಸಾ.”

ಮಹಾಲಿಂಗಯ್ಯನವರ ನಗು ನಿಲ್ಲುತ್ತದೆ. ದನಿ ಇಳಿಯುತ್ತದೆ. “ನಿನ್ನ ಹಂಗಾಮಿ ಆರ್ಡರು ತಿಂಗಳ ಕೊನೇಗೆ ಮುಗೀತದಲ್ವಾ? ಮಕ್ಕಳೊಂದಿಗ. ಊಟ ಮಾಡ್ಕೊಂಡು ಬರ್ತೀನಿ. ಅಷ್ಟರಲ್ಲಿ ನಾಲ್ಕೇ ಇರ್ಲಿ.”

ಗಂಗಹನುಮಯ್ಯ ರಬ್ಬರ್ ಕೈಗೆತ್ತಿಕೊಳ್ಳುತ್ತಾರೆ. ಕೆಳಗಿಡುತ್ತಾರೆ. ಮತ್ತೆ ಎತ್ತಿಕೊಳ್ಳುತ್ತಾರೆ. ಅಂಗಿಯ ಬೆನ್ನು ಒದ್ದೆಯಾಗಿದೆ. ಆಮೇಲೆ ಥಟ್ಟನೆ ವರದಿಯನ್ನು ಲಕೋಟೆಗೆ ತುರುಕಿ, ಚಪ್ಪಲಿಯನ್ನೂ ಮೆಟ್ಟದೆ ಓಡುತ್ತಾರೆ. ಹೊರಟೇಬಿಟ್ಟ ಬೆಂಗಳೂರು ಬಸ್ಸಿನ ಕಂಡಕ್ಟರು ಕಿಟಕಿಯಿಂದ ಕೈ ಚಾಚಿ ತೆಗೆದುಕೊಂಡು, “ಏನ್ಲಾ, ಪೊಲೀಸ್ರು ಅಟ್ಟಿಸ್ಕಂಡು ಬರ್ತಾವ್ರಾ?” ಎನ್ನುತ್ತಾನೆ.

ವಾಪಸು ಬಂದು ಕೂತವರಿಗೆ ಏದುಸಿರು.

“ಆ ಹೆಂಗಸ್ರ ಲೆಕ್ಕ ಇದೊಂದ್ಸಲ ಸರಿಯಾಗಿ ಬರ್ದೆ ಸಾ. ಅಷ್ಟು ಸಾಕು” ಎನ್ನುತ್ತಾರೆ. ಬಾಗಿಲ ಕಡೆ ನೋಡುತ್ತಾರೆ. “ಒಂದು ಲೋಟ ನೀರು ಕೊಡಿ. ಸಾಹೇಬ್ರ ಸ್ಕೂಟರ್ ಬಂದಂಗಾಯ್ತು.”