ಹನ್ನೆರಡು ಪಿಕ್ಸೆಲ್ಲಿನ ದೊಡ್ಡಸ್ತಿಕೆ

ಹಿಂದೆ ಜಾಲತಾಣಗಳ ತಳದಲ್ಲಿ ಒಂದು ಸಾಲು ಇರುತ್ತಿತ್ತು: ಈ ಪುಟವನ್ನು ಇಂಥ ಬ್ರೌಸರಿನಲ್ಲಿ, ಇಷ್ಟು ರೆಸಲ್ಯೂಷನ್ನಿನ ಪರದೆಯಲ್ಲಿ ನೋಡುವುದು ಉತ್ತಮ. ಊಟಕ್ಕೆ ಕರೆದು, ಬರುವಾಗ ಇಂಥದ್ದೇ ತಟ್ಟೆ ತನ್ನಿ ಎನ್ನುವವನ ಮನೆಗೆ ಯಾರಾದರೂ ಹೋಗುತ್ತಾರೆಯೇ? ಆದರೆ ಆ ಸಾಲು ಬರೆಯುವವರು ಅದನ್ನು ಹೆಮ್ಮೆಯಿಂದಲೇ ಬರೆಯುತ್ತಿದ್ದರು. ನನಗೆ ಗೊತ್ತು, ನಾನೂ ಅವರಲ್ಲೊಬ್ಬ.

ಬೀದರಿನ ನೌಬಾದದಲ್ಲಿ ಒಂದು ಬಾಡಿಗೆ ಕೋಣೆಯಲ್ಲಿ ಕುಳಿತು ನಾನು ಆಗ ಪುಟಗಳನ್ನು ಕಟ್ಟುತ್ತಿದ್ದೆ. ಹೊಸದಾಗಿ ಅಗಲವಾದ ಮಾನಿಟರ್ ಕೊಂಡಿದ್ದೆ. ಅಕ್ಷರಗಳನ್ನು ಹನ್ನೆರಡು ಪಿಕ್ಸೆಲ್ಲಿಗೆ ಮೊಳೆ ಹೊಡೆದು ಕೂರಿಸುತ್ತಿದ್ದೆ. ದೊಡ್ಡ ಅಕ್ಷರ ಗಾಂಧಿ ಗಂಜ ಮಾರುಕಟ್ಟೆಯ ಅಡತಿ ಅಂಗಡಿಗಳ ಫಲಕಕ್ಕೆ, ಸಣ್ಣ ಅಕ್ಷರ ನಾಗರಿಕರಿಗೆ ಎಂಬುದು ನನ್ನ ಸಿದ್ಧಾಂತ. ಅದಕ್ಕೆ ಇದ್ದ ಒಂದೇ ಆಧಾರವೆಂದರೆ ನನ್ನ ಕಣ್ಣು ಚೆನ್ನಾಗಿತ್ತು.

ಮಳೆ ಕೈಕೊಟ್ಟ ಎರಡನೆಯ ವರ್ಷ ಅದು. ಹಳ್ಳಿಗಳ ಜನ ಕಬ್ಬು ಕಡಿಯಲು ಮಹಾರಾಷ್ಟ್ರದ ಕಡೆ ಗುಳೆ ಹೊರಟಿದ್ದರು. ಅವರ ಮಕ್ಕಳು ಶಾಲೆ ಬಿಡದಿರಲೆಂದು ಒಂದು ಸಂಸ್ಥೆ ಅಲ್ಲಲ್ಲಿ ಹಂಗಾಮಿ ವಸತಿನಿಲಯ ತೆರೆದು, ಅವುಗಳ ಪಟ್ಟಿಯನ್ನು ಜಾಲದಲ್ಲಿ ಹಾಕುವ ಕೆಲಸ ನನಗೆ ಕೊಟ್ಟಿತು. ಐದು ಅಂಕಣಗಳ ಚೆಂದದ ಕೋಷ್ಟಕ ಮಾಡಿದೆ. ಊರು, ತಾಲ್ಲೂಕು, ವಿಳಾಸ, ಸೇರಲು ಕೊನೆಯ ದಿನ. ಕಟ್ಟಕಡೆಗೆ, ನಿಲಯ ಗಂಡುಮಕ್ಕಳದೋ ಹೆಣ್ಣುಮಕ್ಕಳದೋ ಎಂಬುದು.

ಔರಾದ ಕಡೆಯ ಶಾಂತಾಬಾಯಿ ಎಂಬ ತಾಯಿ, ಹತ್ತು ವರ್ಷದ ಮಗಳು ಗೌತಮಿಯನ್ನು ಎಲ್ಲಿ ಬಿಡಬಹುದೆಂದು ಔರಾದಿನ ಕಂಪ್ಯೂಟರ್ ಅಂಗಡಿಯಲ್ಲಿ ವಿಚಾರಿಸಿದಳು. ಅಂಗಡಿ ನಡೆಸುವ ರುಕ್ಸಾನಾ ನನ್ನ ಪುಟ ತೆರೆದು, ಪಟ್ಟಿಯಲ್ಲಿ ಮೊದಲು ಕಂಡ ಊರು ನೋಡಿ, ಭಾತಂಬ್ರಾದಲ್ಲಿ ಇದೆ ಎಂದು ಓದಿ ಹೇಳಿದಳು. ಕೊನೆಯ ದಿನ ತಾಯಿ ಮಗಳು ಟ್ರಂಕು ಹೊತ್ತು, ಬಸ್ಸು ಬದಲಿಸಿ ಭಾತಂಬ್ರಾಕ್ಕೆ ಹೋದರು. ಅದು ಗಂಡುಮಕ್ಕಳ ನಿಲಯ. ಹೆಣ್ಣುಮಕ್ಕಳದು ಭಾಲ್ಕಿಯಲ್ಲಿತ್ತು. ಸಂಜೆ ಅಲ್ಲಿಗೆ ಮುಟ್ಟಿದಾಗ, ಉಳಿದಿದ್ದ ಎರಡು ಜಾಗವೂ ಮಧ್ಯಾಹ್ನವೇ ತುಂಬಿದ್ದವು. ಮರುದಿನ ಕಬ್ಬು ಕಡಿಯುವವರ ಟೋಳಿಯ ಲಾರಿ ಹೊರಟಿತು. ಗೌತಮಿಯೂ ಹತ್ತಿದಳು.

ಭಾತಂಬ್ರಾದ ಮೇಲ್ವಿಚಾರಕರು ವಾರದ ಮೇಲೆ ಇದನ್ನೆಲ್ಲ ಹೇಳಿದಾಗ ನನಗೆ ಬಂದದ್ದು ದುಃಖವಲ್ಲ, ಸಿಟ್ಟು. ಒಂದು ಕೋಷ್ಟಕ ಓದಲು ಬಾರದವರು ಅಂಗಡಿ ಯಾಕೆ ಇಡಬೇಕು? ಬುದ್ಧಿ ಹೇಳಿ ಬರೋಣವೆಂದು ಔರಾದಿಗೆ ಹೋದೆ.

ರುಕ್ಸಾನಾಳ ಮಾನಿಟರ್ ಹಳೆಯದು, ಡಬ್ಬಿಯಂಥದ್ದು. ಅದರಲ್ಲಿ ನನ್ನ ಪುಟಕ್ಕೆ ನಾಲ್ಕೇ ಅಂಕಣ! ಐದನೆಯದು ಬಲಗಡೆ ಪರದೆಯಾಚೆ ಎಲ್ಲೋ ಬಯಲಲ್ಲಿತ್ತು. ಅತ್ತ ಸರಿಸುವ ಪಟ್ಟಿ ಉದ್ದನೆಯ ಕೋಷ್ಟಕದ ತೀರ ತಳದಲ್ಲಿ ಅಡಗಿತ್ತು. ಕನ್ನಡಕದ ರುಕ್ಸಾನಾ ಅಕ್ಷರ ದೊಡ್ಡದು ಮಾಡಲು ನೋಡಿದ್ದಳಂತೆ. ಪಿಕ್ಸೆಲ್ಲಿಗೆ ಮೊಳೆ ಹೊಡೆದ ಅಕ್ಷರಗಳು ಅವಳ ಹಳೆಯ ಬ್ರೌಸರಿನಲ್ಲಿ ಜಗ್ಗಲಿಲ್ಲ. ನಾನು ಇನ್ನೊಂದು ಬ್ರೌಸರ್ ಹಾಕಿ ನೋಡಿದೆ. ಅಕ್ಷರವೇನೋ ಬೆಳೆಯಿತು, ಸಾಲಿನ ಎತ್ತರ ಬೆಳೆಯಲಿಲ್ಲ. ನಮ್ಮ ಲಿಪಿಯ ಒತ್ತಕ್ಷರಗಳು ನೆಲಮಾಳಿಗೆಯ ಬಾಡಿಗೆದಾರರು. ನಾನು ಇಂಗ್ಲಿಷ್ ಸಾಲಿನ ಅಳತೆ ತಂದು ಆ ನೆಲಮಾಳಿಗೆಯನ್ನೇ ಮುಚ್ಚಿದ್ದೆ. ಪಕ್ಕಕ್ಕೆ ಸರಿಸಿ ಐದನೆಯ ಅಂಕಣ ನೋಡಿದರೆ, ಹೆಣ್ಣುಮಕ್ಕಳು ಹೋಗಿ ಹೆಣುಮಕಳು ಆಗಿದ್ದರು. ಕನ್ನಡದಲ್ಲೇ ಎಂ.ಎ. ಮಾಡಿದವನ ಕೈಕೆಲಸ ಇದು.

ರುಕ್ಸಾನಾ ಜಗಳ ಮಾಡಲಿಲ್ಲ.

"ಐದನೇ ಖಾನಾ ಅದ ಅಂತ ನಮಗ ಹ್ಯಾಂಗ ಗೊತ್ತಾಗಬೇಕ್ರಿ ಸರ? ನಿಮ್ಮ ಪೇಜ್ ನಿಮ್ಮ ಟೇಬಲ್ ಬಿಟ್ಟು ಇಲ್ಲಿತನ ಬಂದೇ ಇಲ್ಲರಿ."

ಆಮೇಲೆ, "ಆ ಹುಡುಗಿ ಟ್ರಂಕಿನ ಮ್ಯಾಲ ತನ್ನ ಹೆಸರು ನನ್ನ ಕಡಿಂದೇ ಬರಿಸ್ಕೊಂಡಿತ್ರಿ" ಎಂದಳು.

ಹೇಳಲು ತಂದಿದ್ದ ಬುದ್ಧಿಯನ್ನು ಹಾಗೇ ವಾಪಸ್ಸು ಒಯ್ದೆ.

ಬಂದವನು ಮೊಳೆಗಳನ್ನೆಲ್ಲ ಕಿತ್ತೆ. ಓದುವವರು ತಮ್ಮ ಯಂತ್ರದಲ್ಲಿ ಇಟ್ಟುಕೊಂಡ ಅಕ್ಷರದ ಅಳತೆಯೇ ನನ್ನ ಅಳತೆ ಎಂದು ಒಪ್ಪಿಕೊಂಡೆ. ಅಗಲವನ್ನು ಪರದೆಯ ಪಾಲಿಗೆ ಬಿಟ್ಟೆ, ಸಾಲಿನ ಎತ್ತರವನ್ನು ಅಕ್ಷರದ ಜೊತೆ ಬೆಳೆಯಲು ಬಿಟ್ಟೆ, ಗಂಡೋ ಹೆಣ್ಣೋ ಎಂಬುದನ್ನು ಊರಿನ ಹೆಸರಿನ ಪಕ್ಕಕ್ಕೇ ತಂದೆ. ಭಾಲ್ಕಿಯ ಕಾಲೇಜು, ಪರಿಚಯದವರ ಅಂಗಡಿ, ರುಕ್ಸಾನಾಳ ಡಬ್ಬಿ ಎಲ್ಲ ಕಡೆ ತೆರೆದು ನೋಡಿದೆ. ಒಂದೊಂದು ಕಡೆ ಒಂದೊಂದು ಥರ ಕಾಣುತ್ತಿತ್ತು. ಆದರೆ ಎಲ್ಲ ಕಡೆಯೂ ಓದಲು ಬರುತ್ತಿತ್ತು. ಒಂದೇ ಥರ ಕಾಣುವುದು, ಓದಲು ಬರುವುದು ಎರಡೂ ಬೇರೆ ಬೇರೆ ಮಾತು ಎಂದು ತಿಳಿಯಲು ನನಗೆ ಇಷ್ಟು ಕಾಲ ಬೇಕಾಯಿತು.

ಗೌತಮಿ ಮರುವರ್ಷ ಭಾಲ್ಕಿಯ ನಿಲಯ ಸೇರಿದಳು. ಹಳೆಯ ತರಗತಿಯಲ್ಲೇ, ತನಗಿಂತ ಒಂದು ವರ್ಷ ಸಣ್ಣವರ ಜೊತೆ ಕುಳಿತಳು. ಹೋದ ವರ್ಷವನ್ನು ತಂದುಕೊಡುವ ತಿದ್ದುಪಡಿ ಯಾವ ಬ್ರೌಸರಿನಲ್ಲೂ ಇಲ್ಲ.

ಆ ದಿನಗಳಲ್ಲೇ ಸಂಸ್ಥೆಯ ಕಾರ್ಯದರ್ಶಿಗಳು ನನ್ನನ್ನು ಕರೆಸಿದರು. ಅವರ ಮೇಜಿನ ಮೇಲೆ ನನ್ನದಕ್ಕಿಂತ ಅಗಲವಾದ ಪರದೆ. ಅಕ್ಷರ ದಪ್ಪಗೆ, ಹಳ್ಳಿಗಾಡಿನವರ ಥರ ಕಾಣುತ್ತಿದೆ, ಅತಿಥಿಗಳು ಬಂದಾಗ ತೋರಿಸಲು ಮುಜುಗರ, ಮೊದಲಿನಂತೆ ಸಣ್ಣದು ಮಾಡಿ ಎಂದರು.

"ಕುರ್ಚಿ ಸ್ವಲ್ಪ ಹಿಂದ ಸರಿಸ್ಕೊಳ್ರಿ ಸರ" ಎಂದೆ.