ಮಾಬ್ಲ ಕಟ್ಟಿದ ನಾಲ್ಕು ಸಾಲು

ಹೊನ್ನಾವರದ ಕಾಲೇಜೊಂದರ ಗ್ರಂಥಾಲಯದಲ್ಲಿ ಮೂವತ್ತು ವರ್ಷ ಪುಸ್ತಕ ಎತ್ತಿಕೊಟ್ಟ ಮಾಬ್ಲ ಈ ಮೇ ತಿಂಗಳಲ್ಲಿ ತೀರಿಕೊಂಡ. ಯಾವ ಪುಸ್ತಕ ಕೇಳಿದರೂ ಅವನ ಮೊದಲ ಮಾತು ಒಂದೇ: "ಇವ ಯಾರ ಹತ್ರ ಕೇಳಿ ಬರೆದ, ಅದು ನೋಡು." ಆ ಪ್ರಶ್ನೆಗೆ ತಾನೇ ಉತ್ತರ ಕೊಡುವ ದಿನ ಬಂದದ್ದು ಹೋದ ಜೂನ್‌ನಲ್ಲಿ.

ಎಂ.ಎ. ಓದುತ್ತಿದ್ದ ಪವಿತ್ರಾ ತನ್ನ ಟಿಪ್ಪಣಿ ಸಹಿತ ಗ್ರಂಥಸೂಚಿ ಹಿಡಿದು ಬಂದಳು. ಗದ್ದೆಹಾಡುಗಳ ಮೇಲೆ ಯಾರ್ಯಾರು ಬರೆದಿದ್ದಾರೆ, ಎಷ್ಟು ನಂಬಬಹುದು ಎಂದು ಒಂದೊಂದು ಪುಸ್ತಕಕ್ಕೂ ನಾಲ್ಕೈದು ಸಾಲು ಬರೆದು ಮಾರನೆಯ ದಿನ ಒಪ್ಪಿಸಬೇಕಿತ್ತು.

"ಮಾಬ್ಲಣ್ಣ, ನಿಮ್ಮ ಪುಸ್ತಕನೇ ಮೊದ್ಲು ಹಾಕಿದೆ. ಕೇಳಿ."

ಕೆಲಸಕ್ಕೆ ಸೇರಿದ ಹೊಸತರಲ್ಲಿ ಮಾಬ್ಲ ಹಾಡುಗಳ ಕಿರುಪುಸ್ತಕವೊಂದನ್ನು ಅಚ್ಚು ಹಾಕಿಸಿದ್ದ. ಅದರ ಕೊಯ್ಲಿನ ಹಾಡಿನ ಬಗ್ಗೆ ಅವಳು ಬರೆದಿದ್ದಳು: 'ಮುಂದಿನ ಮೂರು ಸಂಕಲನಗಳಲ್ಲೂ ಇದೇ ಪಾಠವಿದೆ. ಆದ್ದರಿಂದ ಪೂರ್ತಿ ನಂಬಬಹುದು.'

ಆ ಮೂರು ಸಂಕಲನದವರೂ ಮಾಬ್ಲನ ಪುಸ್ತಕದಿಂದಲೇ ಎತ್ತಿಕೊಂಡವರು. ಅವನಿಗೆ ಹಾಡಿದವಳು ಮಾವಳ್ಳಿಯ ಮುದುಕಿ ಹಮ್ಮ. ನೆಟ್ಟಿಯ, ಅಂದರೆ ಸಸಿ ನೆಡುವ ದಿನಗಳಲ್ಲಿ ಹೋಗಿ ಕೇಳಿದ್ದ. ಮುಕ್ಕಾಲು ಹಾಡಿ ನಿಲ್ಲಿಸಿದ್ದಳು. "ಭತ್ತ ಮನಿಗೆ ಬರದೆ ಕೊನೆ ಹಾಡೂಕಾಗುದಿಲ್ಲ ತಮಾ. ಕೊಯ್ಲಿಗೆ ಬಾ." ಕಾಯುವ ತಾಳ್ಮೆ ಇವನಿಗಿರಲಿಲ್ಲ, ಕುಮಟೆಯ ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸಿಯಾಗಿತ್ತು. ಕೊನೆಯ ನಾಲ್ಕು ಸಾಲು ತಾನೇ ಕಟ್ಟಿ ಸೇರಿಸಿದ. ಆ ಕೊಯ್ಲಿಗೆ ಮೊದಲೇ ಹಮ್ಮ ಹೋಗಿಬಿಟ್ಟಳು.

ಸುಮ್ಮನಿದ್ದರೆ ಹುಡುಗಿ ಹಾಗೆಯೇ ಒಪ್ಪಿಸುತ್ತಾಳೆ. ಹೇಳಿದರೆ ಇಷ್ಟು ವರ್ಷದ ಹೆಸರು ಹೋಗುತ್ತದೆ.

"ಕೊನೆ ನಾಕು ಸಾಲು ಹಮ್ಮಂದಲ್ಲ. ನಾ ಮಾಡಿದ್ದು" ಎಂದ.

"ಎಂತ? ಹಂಗಾರೆ ಆ ಮೂರು ಪುಸ್ತಕ?"

"ಮೂರೂ ನನ್ನ ಬಾಲ ಹಿಡ್ಕಂಡೇ ಬಂದವು."

"ಅಯ್ಯ ದೇವ್ರೆ! ನಾಳೆ ಕೊಡೂದು, ಇವತ್ತು ಹೇಳ್ತ್ರಿ! ನಿನ್ನೆ ಪುಸ್ತಕ ಕೊಡುವಾಗ ಹೇಳೂಕೆ ಎಂತಾಗಿತ್ತು?"

"ನಿನ್ನೆ ಧೈರ್ಯ ಇರ್ಲಿಲ್ಲ."

ಅವಳು ಸಿಟ್ಟಿನಲ್ಲೇ ಬರೆದದ್ದನ್ನೆಲ್ಲ ಹೊಡೆದುಹಾಕಿ ಹೊಸ ಹಾಳೆ ತೆಗೆದಳು. 'ಸುಳ್ಳು' ಎಂಬ ಪದ ಬರುವುದನ್ನು ಕಾಯುತ್ತ ಮಾಬ್ಲ ನಿಂತೇ ಇದ್ದ. ಬರೆದು ಮುಗಿಸಿ ಅವಳು ಓದಿದಳು: 'ಹಾಡಿದವರು ಮಾವಳ್ಳಿಯ ಹಮ್ಮ. ಕೊಯ್ಲಿಗೆ ಮುನ್ನ ಕೊನೆ ಹಾಡಬಾರದೆಂದು ಅವರು ನಿಲ್ಲಿಸಿದರು. ಕೊನೆಯ ನಾಲ್ಕು ಸಾಲು ಸಂಗ್ರಾಹಕರ ರಚನೆ, ಅವರೇ ತಿಳಿಸಿದ್ದಾರೆ. ಅಲ್ಲಿಯವರೆಗಿನ ಪಾಠವನ್ನು ನಂಬಬಹುದು. ಮುಂದಿನ ಮೂರು ಸಂಕಲನಗಳು ಬೇರೆ ಸಾಕ್ಷಿಗಳಲ್ಲ.'

"ಆತಾ?"

"ಇನ್ನೊಂದ್ಸಲ ಓದು."

'ನಂಬಬಹುದು' ಎನ್ನುವಲ್ಲಿಗೆ ಬಂದಾಗ ಮಾಬ್ಲ ಕುರ್ಚಿ ಎಳೆದುಕೊಂಡು ಕುಳಿತ. ನಗು ಬಂತು.

"ನಗ್ತ್ರಿ ಎಂತಕೆ? ನಂಗೆ ಇಡೀ ಪಟ್ಟಿ ಮತ್ತೆ ಬರಿಯೂಕಿತ್ತು!"

"ಹಸಿವಾತು ಮಾರಾಯ್ತಿ. ಬಾ, ಮೊದ್ಲು ಬನ್ಸ್ ತಿನ್ನುವ. ಪಟ್ಟಿಗೆ ನಾನೂ ಕೂತ್ಕಂತೆ."

ಆಮೇಲೆ ಅವನು ಬದುಕಿದ್ದು ಹನ್ನೊಂದು ತಿಂಗಳು. ಗ್ರಂಥಾಲಯದ ಪ್ರತಿಯಲ್ಲಿ ಆ ಹಾಡಿನ ಪುಟಕ್ಕೆ ಪವಿತ್ರಾಳ ಟಿಪ್ಪಣಿಯನ್ನು ತಾನೇ ಅಂಟಿಸಿದ್ದಾನೆ. ಖುಷಿಯಲ್ಲಿ ಅಂಟು ಹೆಚ್ಚು ಹಚ್ಚಿದ್ದಾನೆ. ಎದುರಿನ ಪುಟವೂ ಹಿಡಿದುಕೊಂಡಿದೆ. ಮೆಲ್ಲಗೆ ಬಿಡಿಸಿ ಓದಬೇಕು.