ಹೆಬ್ಬಾವಿನ ಚರ್ಮಕ್ಕೆ ದನಿ ಕಟ್ಟುವ ತುಕ್ರ

ದುಬೈಯ ಅಲ್ ಕುಸೈಸ್‌ನ ಗೋದಾಮುಗಳ ಸಾಲಿನಲ್ಲಿ ಇನ್ನೂ ಬೆಳಕು ಹರಿದಿಲ್ಲ. ತುಕ್ರ ಶಟರ್ ಎತ್ತುತ್ತಾರೆ, ಲೈಟು ಹಾಕದೆ ಬಾಗಿಲಲ್ಲೇ ನಿಂತು ಕಿವಿಗೊಡುತ್ತಾರೆ. ಒಳಗೆ ಯಾರೋ ಸಣ್ಣಗೆ ನರಳಿದಂತಿದೆ. ಗೂಟಕ್ಕೆ ನೇತುಹಾಕಿದ ಚೀನೀ ವಾದ್ಯ ಎರ್ಹು ಅದು. ಅದರ ಕಮಾನನ್ನು ಯಾರೂ ಎಳೆದಿಲ್ಲ, ಏಸಿ ಕೂಡ ಆಫ್ ಆಗಿದೆ.

"ಚರ್ಮ ಒಣಗುವಾಗ ಸದ್ದು ಬರ್ತದೆ, ಅದು ನನಗೂ ಗೊತ್ತುಂಟು. ಆದ್ರೆ ಒಣಗುವ ಚರ್ಮ ರಾಗ ಹಾಡುದುಂಟಾ ಮಾರಾಯ್ರೆ?" ಎನ್ನುವ ತುಕ್ರರ ತೋಳಿನ ರೋಮ ನೆಟ್ಟಗೆ ನಿಂತಿದೆ.

ಎರ್ಹು ಎಂದರೆ ಉದ್ದನೆಯ ಕೋಲು, ಬುಡದಲ್ಲೊಂದು ಪುಟ್ಟ ಮರದ ಡಬ್ಬಿ, ಬರೀ ಎರಡು ತಂತಿ. ಕಮಾನು ಆ ತಂತಿಗಳ ನಡುವೆಯೇ ಸಿಕ್ಕಿಕೊಂಡು ಓಡಾಡುತ್ತದೆ. ಚೀನೀ ವಾದ್ಯಮೇಳದಲ್ಲಿ ಹಾಡಿನ ಮುಖ್ಯ ಎಳೆ ಹಿಡಿಯುವುದು ಇದೇ. ಮನುಷ್ಯರ ಕೊರಳಿಗೆ ಇಷ್ಟು ಹತ್ತಿರದ ವಾದ್ಯ ಇನ್ನೊಂದಿದೆಯೋ ಇಲ್ಲವೋ! ಆ ಕೊರಳು ಬರುವುದು ಡಬ್ಬಿಯ ಬಾಯಿಗೆ ಬಿಗಿದ ಹೆಬ್ಬಾವಿನ ಚರ್ಮದಿಂದ.

ಕಾರ್ಕಳದ ಕಡೆಯ ತುಕ್ರರ ಅಪ್ಪ ಡೋಲಿಗೆ ಚರ್ಮ ಕಟ್ಟುತ್ತಿದ್ದವರು. ಮಗ ದುಬೈಗೆ ಬಂದದ್ದು ಲೋಡಿಂಗ್ ಕೆಲಸಕ್ಕೆ. ವಾದ್ಯಗಳನ್ನು ಬಾಡಿಗೆಗೆ ಕೊಡುವ ಈ ಕಂಪನಿಯಲ್ಲಿ ಹರಿದ ಢೋಲಕ್ ಒಂದನ್ನು ಸರಿಮಾಡಿದ್ದೇ ನೆಪ, ರಿಪೇರಿಯ ಮೂಲೆ ಅವರ ಪಾಲಾಯಿತು. ಅಂಟು, ಚರ್ಮ ಹದಮಾಡುವ ಸುಣ್ಣ ತಾಗಿ ಬೆರಳ ತುದಿಗಳೆಲ್ಲ ಒಡೆದಿವೆ. ಊಟಕ್ಕೆ ಸಾರು ಕಲಸಿದರೆ ಉರಿ. ಮಾಲ್‌ಗಳಲ್ಲಿ ಚೀನೀ ಹೊಸವರ್ಷದ ಕಾರ್ಯಕ್ರಮ ನೋಡಿ ಚಪ್ಪಾಳೆ ತಟ್ಟುವವರಿಗೆ ಇದೆಲ್ಲ ಎಲ್ಲಿ ಗೊತ್ತಾಗಬೇಕು?

ನರಳುವ ಈ ಎರ್ಹು ಹೋಟೆಲೊಂದರಲ್ಲಿ ನುಡಿಸುವ ಶುಫೆನ್ ಅವರದು. ಅದಕ್ಕೂ ಮುಂಚೆ ಅವರ ಅಮ್ಮನದು. ಕೊರೊನಾ ಕಾಲದಲ್ಲಿ ಅಮ್ಮ ಊರಲ್ಲಿ ತೀರಿಕೊಂಡಾಗ ವಿಮಾನವಿರಲಿಲ್ಲ, ಮಗಳಿಗೆ ಮುಖ ನೋಡಲೂ ಆಗಲಿಲ್ಲ. ಈಗ ಚರ್ಮ ಬಿರುಕು ಬಿಟ್ಟಿದೆ. ಬದಲಿಸದಿದ್ದರೆ ಸೀಳಿ ಮೂಕವಾಗುತ್ತದೆ. ಬದಲಿಸಿದರೆ ಹಳೆಯ ದನಿ ಹೋಗುತ್ತದೆ.

ಆ ಮುಂಜಾನೆಯ ಬಳಿಕ ಒಂದು ದಿನ ತುಕ್ರ ಚಾಕು ತೆಗೆದಾಗ ಶುಫೆನ್ ತುಕ್ರರ ಕೈ ಹಿಡಿದು ತಡೆದರಂತೆ. "ನೋ ಕಟ್. ಮಾಮಾ ಇನ್‌ಸೈಡ್." ಅಮ್ಮ ಒಳಗಿದ್ದಾರೆ, ಕೊಯ್ಯಬೇಡಿ ಎಂದು.

"ನಾನು ನಗಾಡ್ಲಿಲ್ಲ," ಎನ್ನುತ್ತಾರೆ ತುಕ್ರ. "ಬೆಳಿಗ್ಗೆ ಬೆಳಿಗ್ಗೆ ಅದನ್ನು ಕೇಳುವವ ನಾನಲ್ವಾ? ಅವರಿಗೆ ಹೇಳಿದೆ, ಮೇಡಂ, ಅಮ್ಮನನ್ನು ಹರಿದ ಮನೆಯಲ್ಲಿ ಇಟ್ಕೊಳ್ಬೇಡಿ."

ದಿನವಿಡೀ ಯೋಚಿಸಿ ಶುಫೆನ್ ತಲೆಯಾಡಿಸಿದರು. ತುಕ್ರ ಚರ್ಮ ಸುಲಿದು ಹೊಸದನ್ನು ಬಿಗಿದರು. ಶುಫೆನ್ ಕಮಾನು ಎಳೆದರು. ಒರಟು ದನಿ, ಯಾರದೂ ಅಲ್ಲದ ದನಿ. ಪಾಪ, ಅವರು ಬಿಕ್ಕಿ ಬಿಕ್ಕಿ ಅತ್ತರು.

ಇನ್ನು ಹಳೆಯ ಚರ್ಮ. "ಯಲ್ಲಾ, ಕಸದ ಡಬ್ಬಿಗೆ ಹಾಕು, ಖಲಾಸ್" ಎಂದು ಅವಸರಪಡಿಸಿದರು ಕಂಪನಿಯ ಡ್ರೈವರ್ ಮಸೂದ್. ತುಕ್ರ ಒಪ್ಪಲಿಲ್ಲ. ತುಳುನಾಡಿನಲ್ಲಿ ಸತ್ತ ನಾಗನನ್ನು ಕಂಡವರು ಹಾಗೇ ಬಿಟ್ಟು ಬರುವುದಿಲ್ಲ, ಸಂಸ್ಕಾರ ಮಾಡಿಸುತ್ತಾರೆ. ಹೆಬ್ಬಾವು ನಾಗನಲ್ಲ ಎಂಬುದು ತುಕ್ರರಿಗೂ ಗೊತ್ತು. "ಆದ್ರೂ ಹಾವು ಹಾವೇ ಅಲ್ವಾ? ಕಸಕ್ಕೆ ಹಾಕಿದ್ರೆ ನನಗೆ ನಿದ್ದೆ ಬರ್ಲಿಕ್ಕುಂಟಾ?"

ಮರುದಿನ ಮುಂಜಾನೆ ಶುಫೆನ್ ಅವರನ್ನೂ ಕರೆಸಿ, ಗೋದಾಮಿನ ಹಿಂದಿನ ಮರಳಿನಲ್ಲಿ ಕಬ್ಬಿಣದ ತಟ್ಟೆ ಇಟ್ಟು, ತೆಂಗಿನ ಸಿಪ್ಪೆ ಜೋಡಿಸಿ, ಮೇಲೆ ಚರ್ಮ ಮಲಗಿಸಿದರು. ಕರ್ಪೂರ ಇಟ್ಟವರು ತಾವು ಹಚ್ಚಲಿಲ್ಲ. ಬೆಂಕಿಪೊಟ್ಟಣವನ್ನು ಶುಫೆನ್ ಕೈಗೆ ಕೊಟ್ಟರು. "ಮಗಳು ನೀವು. ನೀವೇ ಬೆಂಕಿ ಕೊಡಿ."

ಭಾಷೆ ತಿಳಿಯದಿದ್ದರೂ ಮಾತು ತಿಳಿಯಿತು. ಶುಫೆನ್ ಮರಳಿಗೆ ಹಣೆ ಹಚ್ಚಿ, ಕಡ್ಡಿ ಗೀರಿದರು. ಚರ್ಮ ಸುರುಟುವಾಗ ಒಂದು ಉದ್ದನೆಯ ಸ್ವರ ಎದ್ದಿತಂತೆ. ಗಾಳಿ ಇರಲಿಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಆಮೇಲೆ ಬೂದಿಯಾಗುವವರೆಗೆ ಅಲ್ಲೇ ಕೂತರು.

ಈಗ ತುಕ್ರರಿಗೊಂದು ಸಣ್ಣ ಆಸೆ ಇದೆ. "ಹೊಸ ಚರ್ಮ ಪಳಗ್ಲಿಕ್ಕೆ ವರ್ಷಗಟ್ಲೆ ಬೇಕು. ಅಷ್ಟರವರೆಗೆ ನನ್ನ ವೀಸಾ ಇದ್ರೆ ಸಾಕು. ಅದರಲ್ಲಿ ಮಗಳ ಸ್ವರ ಬಂದು ಕೂತ್ಕೊಳ್ಳುದನ್ನು ಒಮ್ಮೆ ಕೇಳ್ಬೇಕು. ಅಮ್ಮನದ್ದು ತೀರಿಹೋದ ಮೇಲೆ ಕೇಳಿದ್ದು, ಮೇಡಂನದ್ದು ಅವರು ಬದುಕಿರುವಾಗ್ಲೇ."